ಚಳಿಗಾಲದ ರಾತ್ರಿಗೆ ಯಾವ ಕಥೆ ಪುಸ್ತಕ? ಗ್ರಿಮ್, ಕಾಲ್ವಿನೋ, ಕಾರ್ಟರ್, ರಾಮಾನುಜನ್: ಒಂದು ಹೋಲಿಕೆ

ಚಳಿಗಾಲದಲ್ಲಿ ಓದೋಕೆ ಒಂದು ಒಳ್ಳೆ ಕಿನ್ನರ ಕಥೆ ಪುಸ್ತಕ ಹೇಳಿ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ. ಯಾರಿಗೆ ಓದುತ್ತೀರಿ? ಪಕ್ಕದಲ್ಲಿ ಮಗುವನ್ನು ಮಲಗಿಸಿಕೊಂಡು ಜೋರಾಗಿ ಓದುತ್ತೀರಾ, ಇಲ್ಲ ಮನೆಯವರೆಲ್ಲ ಮಲಗಿದ ಮೇಲೆ ಒಬ್ಬರೇ ಕೂತು ಓದುತ್ತೀರಾ? ಉತ್ತರ ಬದಲಾದರೆ ಪುಸ್ತಕವೂ ಬದಲಾಗುತ್ತದೆ. ಅಂಗಡಿಯಲ್ಲಿ ಇವೆಲ್ಲ ಒಂದೇ ಕಪಾಟಿನಲ್ಲಿ ಇರುತ್ತವೆ. ಮುಖಪುಟದಲ್ಲಿ ಅದೇ ತೋಳ, ಅದೇ ಕಾಡು, ಅದೇ ಹಿಮ. ಒಳಗಿರುವ ಕಥೆಗಳು ಮಾತ್ರ ತೀರಾ ಬೇರೆ.

ಚಳಿಗಾಲಕ್ಕೂ ಈ ಕಥೆಗಳಿಗೂ ಹಳೆಯ ನಂಟು. ಯುರೋಪಿನ ಹಳ್ಳಿಗಳಲ್ಲಿ ಚಳಿಗಾಲ ಅಂದರೆ ಹೊಲದ ಕೆಲಸ ನಿಂತ ಕಾಲ. ಬೇಗ ಕತ್ತಲಾಗುತ್ತದೆ, ಸೌದೆ ಎಣ್ಣೆ ಎರಡೂ ದುಬಾರಿ. ಹಾಗಾಗಿ ಹೆಂಗಸರು ಒಂದೇ ಮನೆಯಲ್ಲಿ ಸೇರಿ ನೂಲುತ್ತಿದ್ದರು. ಕೈಗೆ ಕೆಲಸ, ಬಾಯಿಗೆ ಕಥೆ. 1697ರಲ್ಲಿ ಫ್ರಾನ್ಸಿನ ಶಾರ್ಲ್ ಪೆರೋ ಸಿಂಡ್ರೆಲಾ, ಕೆಂಪು ಟೋಪಿ ಹುಡುಗಿ, ನೀಲಿಗಡ್ಡ ಮೊದಲಾದ ಕಥೆಗಳನ್ನು ಅಚ್ಚು ಹಾಕಿಸಿದಾಗ ಪುಸ್ತಕದ ಮೊದಲ ಚಿತ್ರದಲ್ಲಿದ್ದದ್ದೂ ಇದೇ: ಬೆಂಕಿಯ ಪಕ್ಕ ನೂಲುತ್ತಾ ಕಥೆ ಹೇಳುವ ಒಬ್ಬ ಮುದುಕಿ. ಜರ್ಮನಿಯ ಗ್ರಿಮ್ ಸಹೋದರರ ಮೊದಲ ಸಂಪುಟ ಹೊರಬಂದದ್ದು 1812ರ ಡಿಸೆಂಬರ್‌ನಲ್ಲಿ. ಡೆನ್ಮಾರ್ಕಿನ ಆಂಡರ್ಸನ್ನರ ಹಿಮರಾಣಿಯ ಕಥೆ ಬಂದದ್ದು 1844ರ ಡಿಸೆಂಬರ್‌ನಲ್ಲಿ. ಅಂದರೆ ಕ್ರಿಸ್‌ಮಸ್ ಹೊತ್ತಿಗೆ ಕಥೆ ಪುಸ್ತಕ ಕೊಳ್ಳುವ ರೂಢಿ ಇನ್ನೂರು ವರ್ಷಕ್ಕೂ ಹಳೆಯದು.

ನಮ್ಮ ಮಾಗಿ ಚಳಿಗೆ ಇಷ್ಟೊಂದು ಕತ್ತಲೆ ಇಲ್ಲ, ನಿಜ. ಆದರೆ ಸ್ಟಾಕ್‌ಹೋಮ್‌ನಲ್ಲಿ ಡಿಸೆಂಬರ್ ಬಂದರೆ ಮಧ್ಯಾಹ್ನ ಮೂರರ ಹೊತ್ತಿಗೇ ಸೂರ್ಯ ಮುಳುಗುತ್ತಾನೆ. ಅಂಥ ಊರುಗಳಲ್ಲಿ ಇರುವ ಕನ್ನಡದ ಅಪ್ಪ ಅಮ್ಮಂದಿರಿಗೆ ಉದ್ದನೆಯ ಸಂಜೆಗಳು ಬೇಡ ಅಂದರೂ ಸಿಗುತ್ತವೆ. ಪುಸ್ತಕ ಇರುವುದು ಇಂಗ್ಲಿಷಿನಲ್ಲಿ, ಮಗುವಿಗೆ ಹೇಳಬೇಕಾದದ್ದು ಕನ್ನಡದಲ್ಲಿ. ಅದಕ್ಕೇ ನನ್ನ ಪರೀಕ್ಷೆ ಸರಳ. ಯಾವುದೇ ಸಂಗ್ರಹದ ಒಂದು ಪುಟ ತೆಗೆದು, ಓದುತ್ತಾ ಓದುತ್ತಾ ಹಾಗೇ ಕನ್ನಡದಲ್ಲಿ ಹೇಳಿ ನೋಡಿ. ನಾಲಿಗೆ ತಡವರಿಸದೆ ಬಂದರೆ ಅದು ಜೋರಾಗಿ ಓದುವ ಪುಸ್ತಕ. ವಾಕ್ಯ ವಾಕ್ಯಕ್ಕೂ ನಿಲ್ಲಬೇಕಾದರೆ ಅದು ಒಬ್ಬರೇ ಓದುವ ಪುಸ್ತಕ. ಎರಡೂ ಬೇಕು, ಒಂದರ ಕೆಲಸ ಇನ್ನೊಂದಕ್ಕೆ ಹೇಳಬಾರದು ಅಷ್ಟೇ.

ಗ್ರಿಮ್: ಯಾವ ಗ್ರಿಮ್?

ಹೆಚ್ಚಿನವರು ಮೊದಲು ಕೈ ಹಾಕುವುದು ಗ್ರಿಮ್‌ಗೇ. ಆದರೆ ಗ್ರಿಮ್ ಅಂದರೆ ಒಂದೇ ಪುಸ್ತಕ ಅಲ್ಲ. ಯಾಕೋಬ್ ಮತ್ತು ವಿಲ್ಹೆಲ್ಮ್ ಬದುಕಿದ್ದಾಗಲೇ ದೊಡ್ಡ ಸಂಗ್ರಹ ಏಳು ಆವೃತ್ತಿ ಕಂಡಿತು. ಕೊನೆಯದು 1857ರಲ್ಲಿ ಬಂತು. ಈ ನಡುವೆ ವಿಲ್ಹೆಲ್ಮ್ ಕಥೆಗಳನ್ನು ತಿದ್ದುತ್ತಲೇ ಹೋದರು. 1812ರ ಹಿಮಬಿಳುಪಿನ ಹುಡುಗಿಯ (ಸ್ನೋ ವೈಟ್) ಕಥೆಯಲ್ಲಿ ಅವಳನ್ನು ಕೊಲ್ಲಿಸಲು ಹೊರಡುವವಳು ಹೆತ್ತ ತಾಯಿ. ಆಮೇಲಿನ ಆವೃತ್ತಿಯಲ್ಲಿ ಅವಳು ಮಲತಾಯಿ ಆದಳು. ಹ್ಯಾನ್ಸೆಲ್ ಮತ್ತು ಗ್ರೆಟೆಲ್‌ರ ತಾಯಿಗೂ ಹಾಗೇ ಆಯಿತು. ಗೋಪುರದಲ್ಲಿ ಕೂತ ರಪುಂಜೆಲ್ ಮೊದಲ ಆವೃತ್ತಿಯಲ್ಲಿ ತನ್ನ ಬಟ್ಟೆ ಯಾಕೋ ಬಿಗಿಯಾಗುತ್ತಿದೆ ಅಂತ ಮುಗ್ಧವಾಗಿ ಕೇಳಿ ಸಿಕ್ಕಿಬೀಳುತ್ತಾಳೆ. ಓದುವವರಿಗೆ ವಿಷಯ ಗೊತ್ತಾಗಿಬಿಡುತ್ತದೆ. ಮನೆಮಂದಿ ಕೂತು ಓದುವ ಪುಸ್ತಕ ಇದು ಅನ್ನುವುದು ಖಚಿತವಾದ ಮೇಲೆ ಆ ಮಾತೂ ಹೋಯಿತು. ಕಥೆ ಹೇಳಿದವರೂ ಬರೀ ಹಳ್ಳಿಯ ಮುದುಕಿಯರಲ್ಲ. ಕಾಸೆಲ್ ಊರಿನ ಓದು ಬರಹ ಬಲ್ಲ ಮನೆಗಳ ಹುಡುಗಿಯರೇ ಬಹಳ. ಅವರಲ್ಲೊಬ್ಬಳು ಔಷಧ ಅಂಗಡಿಯವರ ಮಗಳು ಡಾರ್ಟ್‌ಖೆನ್ ವಿಲ್ಡ್. ಮುಂದೆ ಅವಳೇ ವಿಲ್ಹೆಲ್ಮ್‌ರ ಹೆಂಡತಿ ಆದಳು.

ಈಗ ಕೊಳ್ಳುವವರ ಮುಂದೆ ಮುಖ್ಯವಾಗಿ ಮೂರು ದಾರಿ ಇವೆ. ಮೊದಲನೆಯದು, ಮಾರ್ಗರೆಟ್ ಹಂಟ್ 1884ರಲ್ಲಿ ಮಾಡಿದ ಪೂರ್ತಿ ಸಂಗ್ರಹದ ಅನುವಾದ. ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ಇನ್ನೂರು ಕಥೆ ಮೀರಿದ ದೊಡ್ಡ ಗಂಟು, ಇಂಗ್ಲಿಷು ಸ್ವಲ್ಪ ಹಳೇ ಕಾಲದ್ದು. ಎರಡನೆಯದು, ಜ್ಯಾಕ್ ಜೈಪ್ಸ್ 2014ರಲ್ಲಿ ತಂದ ಮೊದಲ ಆವೃತ್ತಿಯ ಪೂರ್ತಿ ಅನುವಾದ. ಅದರಲ್ಲಿ 156 ಕಥೆಗಳಿವೆ. ಚಿಕ್ಕವು, ಒರಟು, ಕೆಲವು ಅರ್ಧಕ್ಕೇ ನಿಂತಂತೆ ಕಾಣುತ್ತವೆ. ಕಥೆ ಹೇಗೆ ಬದಲಾಯಿತು ಅನ್ನುವ ಕುತೂಹಲ ಇದ್ದವರಿಗೆ ಅದು ಹಬ್ಬ. ಮೊದಲ ಪುಸ್ತಕವಾಗಿ ಬೇಡ.

ಮೂರನೆಯದು ಫಿಲಿಪ್ ಪುಲ್ಮನ್ 2012ರಲ್ಲಿ ಮತ್ತೆ ಹೇಳಿದ 50 ಕಥೆಗಳು. ಜೋರಾಗಿ ಓದುವವರಿಗೆ ನಾನು ಹೇಳುವುದು ಇದನ್ನೇ. ನೀರಿನಷ್ಟು ತಿಳಿಯಾಗಿ ಹೇಳಬೇಕು ಅನ್ನುವುದು ಅವರು ತಮಗೇ ಹಾಕಿಕೊಂಡ ಶರತ್ತು, ಅದನ್ನು ಕೊನೆತನಕ ಉಳಿಸಿಕೊಂಡಿದ್ದಾರೆ. ಬಣ್ಣನೆ ಇಲ್ಲ, ಪಾತ್ರದ ಮನಸ್ಸಿನೊಳಗೆ ಇಣುಕುವ ಆಟ ಇಲ್ಲ. ಒಂದಾದ ಮೇಲೊಂದು ಘಟನೆ. ಇಂಥ ವಾಕ್ಯ ಕನ್ನಡಕ್ಕೆ ಸಲೀಸಾಗಿ ಇಳಿಯುತ್ತದೆ. ಪ್ರತಿ ಕಥೆಯ ಕೊನೆಗೂ ಒಂದು ಚಿಕ್ಕ ಟಿಪ್ಪಣಿ ಇದೆ. ಈ ಕಥೆಯನ್ನು ಗ್ರಿಮ್‌ಗೆ ಹೇಳಿದ್ದು ಯಾರು, ಇದರಂಥ ಕಥೆ ಬೇರೆಲ್ಲಿ ಇದೆ, ತಾನು ಎಲ್ಲಿ ಕೈಯಾಡಿಸಿದೆ ಅನ್ನುವುದನ್ನೆಲ್ಲ ಮುಚ್ಚುಮರೆ ಇಲ್ಲದೆ ಹೇಳುತ್ತಾರೆ. ಮಗು ಮಲಗಿದ ಮೇಲೆ ಆ ಟಿಪ್ಪಣಿ ಓದುವುದು ದೊಡ್ಡವರ ಪಾಲಿನ ಸುಖ.

ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಪುಲ್ಮನ್ ಕಥೆಯನ್ನು ಮೆತ್ತಗೆ ಮಾಡಿಲ್ಲ. ಜುನಿಪರ್ ಮರದ ಕಥೆ ಶುರುವಾಗುವುದು ಚಳಿಗಾಲದಲ್ಲೇ. ಮನೆ ಮುಂದಿನ ಮರದ ಕೆಳಗೆ ನಿಂತು ಒಬ್ಬಾಕೆ ಸೇಬು ಹೆಚ್ಚುತ್ತಿರುತ್ತಾಳೆ, ಬೆರಳು ಕೊಯ್ದು ಹಿಮದ ಮೇಲೆ ರಕ್ತ ಬೀಳುತ್ತದೆ, ನನಗೂ ಇಷ್ಟು ಕೆಂಪಗೆ, ಇಷ್ಟು ಬೆಳ್ಳಗೆ ಇರುವ ಮಗು ಆಗಬಾರದೇ ಅಂದುಕೊಳ್ಳುತ್ತಾಳೆ. ಎಷ್ಟು ಚಂದ ಅಲ್ವಾ? ಆದರೆ ಮುಂದೆ ಮಲತಾಯಿ ಆ ಹುಡುಗನನ್ನು ಕೊಂದು ಅಡುಗೆ ಮಾಡುತ್ತಾಳೆ, ಅಪ್ಪ ತಿಳಿಯದೆ ಉಣ್ಣುತ್ತಾನೆ. ಕಥೆ ಅದ್ಭುತ, ಅದರಲ್ಲಿ ಬರುವ ಹಕ್ಕಿಯ ಹಾಡು ಮರೆಯುವಂಥದ್ದಲ್ಲ. ಆದರೂ ಸಣ್ಣ ಮಕ್ಕಳಿದ್ದರೆ ನೀವು ಮೊದಲು ಒಬ್ಬರೇ ಓದಿ ಆಮೇಲೆ ತೀರ್ಮಾನ ಮಾಡಿ. ಪುಸ್ತಕದ ಹೆಸರಿನಲ್ಲಿ ಚಿಕ್ಕವರಿಗೂ ದೊಡ್ಡವರಿಗೂ ಅಂತ ಇದೆ ಅನ್ನುವ ಧೈರ್ಯದಲ್ಲಿ ಕಣ್ಣು ಮುಚ್ಚಿ ಓದಬೇಡಿ.

ಪೂರ್ತಿ ಸಂಗ್ರಹ ಕೈಯಲ್ಲಿದ್ದವರು ಮೊದಲ ರಾತ್ರಿ ಕೊನೆಯ ಪುಟಗಳಿಗೆ ಹೋಗಿ. ಅಲ್ಲಿ ಚಿನ್ನದ ಕೀಲಿ ಅಂತ ಒಂದು ಪುಟ್ಟ ಕಥೆ ಇದೆ, ನಂಬರ್ 200. ಹಿಮ ದಟ್ಟವಾಗಿ ಬಿದ್ದಿದೆ. ಬಡ ಹುಡುಗ ಸೌದೆ ತರೋಕೆ ಹೋಗಿದ್ದಾನೆ. ಚಳಿ ತಡೆಯಲಾರದೆ ಬೆಂಕಿ ಹಾಕೋಣ ಅಂತ ಹಿಮ ಸರಿಸುತ್ತಾನೆ, ಕೆಳಗೆ ಚಿನ್ನದ ಕೀಲಿ. ಇನ್ನೂ ಅಗೆದರೆ ಕಬ್ಬಿಣದ ಪೆಟ್ಟಿಗೆ. ಬೀಗದ ತೂತು ಹುಡುಕಿ, ಕೀಲಿ ಹಾಕಿ, ಒಂದು ಸುತ್ತು ತಿರುಗಿಸುತ್ತಾನೆ. ಅವನು ಪೂರ್ತಿ ತೆರೆಯುವ ತನಕ ನಾವು ಕಾಯಬೇಕು, ಒಳಗೇನಿದೆ ಅಂತ ಆಗ ಗೊತ್ತಾಗುತ್ತದೆ ಅಂತ ಹೇಳಿ ಕಥೆ ನಿಂತುಬಿಡುತ್ತದೆ. ಮಕ್ಕಳು ಇದನ್ನು ಒಪ್ಪುವುದೇ ಇಲ್ಲ. ಪೆಟ್ಟಿಗೆಯಲ್ಲಿ ಏನಿತ್ತು ಅಂತ ತಾವೇ ಹೇಳೋಕೆ ಶುರು ಮಾಡುತ್ತಾರೆ. ಚಳಿಗಾಲದ ಓದಿಗೆ ಇದಕ್ಕಿಂತ ಒಳ್ಳೆ ಆರಂಭ ನನಗೆ ಗೊತ್ತಿಲ್ಲ.

ಕಾಲ್ವಿನೋ: ದಿನಕ್ಕೊಂದು ಅನ್ನುವವರಿಗೆ

ಇಟಲಿಗೆ ಒಬ್ಬ ಗ್ರಿಮ್ ಇರಲಿಲ್ಲ. ಸಿಸಿಲಿಯಲ್ಲಿ ಒಬ್ಬರು, ಟಸ್ಕನಿಯಲ್ಲಿ ಇನ್ನೊಬ್ಬರು, ಹೀಗೆ ಹತ್ತೊಂಬತ್ತನೇ ಶತಮಾನದಲ್ಲಿ ಬೇರೆ ಬೇರೆ ವಿದ್ವಾಂಸರು ತಂತಮ್ಮ ಸೀಮೆಯ ಮಾತಿನಲ್ಲಿ ಕಥೆಗಳನ್ನು ಬರೆದಿಟ್ಟಿದ್ದರು. ಇತಾಲೋ ಕಾಲ್ವಿನೋ ಅವನ್ನೆಲ್ಲ ಓದಿ, 200 ಕಥೆ ಆರಿಸಿ, ಇಡೀ ಇಟಲಿಗೆ ಅರ್ಥವಾಗುವ ಭಾಷೆಯಲ್ಲಿ 1956ರಲ್ಲಿ ಮತ್ತೆ ಹೇಳಿದರು. ಜಾರ್ಜ್ ಮಾರ್ಟಿನ್ ಮಾಡಿದ ಇಂಗ್ಲಿಷ್ ಅನುವಾದ 1980ರಲ್ಲಿ ಬಂತು.

ಪುಲ್ಮನ್‌ಗೂ ಕಾಲ್ವಿನೋಗೂ ಇರುವ ವ್ಯತ್ಯಾಸ ಗೊತ್ತಾಗಬೇಕಾದರೆ ಎರಡರಲ್ಲೂ ಇರುವ ಒಂದು ಹುಡುಗನನ್ನು ನೋಡಬೇಕು. ಭಯ ಅಂದರೆ ಏನು ಅಂತ ಗೊತ್ತಿಲ್ಲದ ಹುಡುಗ. ಗ್ರಿಮ್ ಕಥೆಯಲ್ಲಿ ಅವನು ಮೈ ನಡುಗೋದು ಹೇಗೆ ಅಂತ ಕಲಿಯೋಕೆ ಮನೆ ಬಿಟ್ಟು ಹೊರಡುತ್ತಾನೆ. ಗಲ್ಲಿಗೇರಿದ ಹೆಣಗಳ ಜತೆ ರಾತ್ರಿ ಕಳೆಯುತ್ತಾನೆ, ದೆವ್ವದ ಕೋಟೆಯಲ್ಲಿ ಮೂರು ರಾತ್ರಿ ಇರುತ್ತಾನೆ, ಏನೂ ಆಗುವುದಿಲ್ಲ. ರಾಜಕುಮಾರಿಯನ್ನು ಮದುವೆಯಾದ ಮೇಲೂ ನಡುಗೋದು ಬರಲಿಲ್ಲವಲ್ಲ ಅಂತ ಗೊಣಗುತ್ತಿರುತ್ತಾನೆ. ಕೊನೆಗೆ ಅವನು ಮಲಗಿದ್ದಾಗ ಹೆಂಡತಿ ಒಂದು ಬಕೆಟ್ ತಣ್ಣೀರನ್ನು, ಅದರಲ್ಲಿದ್ದ ಪುಟ್ಟ ಮೀನುಗಳ ಸಮೇತ, ಮೈಮೇಲೆ ಸುರಿಯುತ್ತಾಳೆ. ಈಗ ಗೊತ್ತಾಯಿತು ಅಂತಾನೆ. ಉದ್ದನೆಯ ಕಥೆ, ಮಕ್ಕಳಿಗೆ ನಗು ತಡೆಯೋಕಾಗುವುದಿಲ್ಲ.

ಕಾಲ್ವಿನೋ ತಮ್ಮ ಪುಸ್ತಕ ಶುರು ಮಾಡುವುದೇ ಈ ಹುಡುಗನಿಂದ. ಹೆಸರು ಜೊವಾನ್ನಿನ್. ಒಂದು ಹಾಳು ಅರಮನೆಯಲ್ಲಿ ರಾತ್ರಿ ಊಟಕ್ಕೆ ಕೂತಿದ್ದಾನೆ. ಒಲೆಯ ಹೊಗೆಗೂಡಿನಿಂದ ದನಿ ಕೇಳುತ್ತದೆ: ಎಸೀಲಾ? ಎಸಿ ಅಂತಾನೆ. ಒಂದು ಕಾಲು ಬೀಳುತ್ತದೆ. ಅವನು ಒಂದು ಲೋಟ ವೈನ್ ಕುಡಿಯುತ್ತಾನೆ. ಎಸೀಲಾ? ಎಸಿ. ಇನ್ನೊಂದು ಕಾಲು. ಹೀಗೇ ಕೈ, ಮುಂಡ, ತಲೆ ಎಲ್ಲ ಬಿದ್ದು ಒಬ್ಬ ದೈತ್ಯ ಎದ್ದು ನಿಲ್ಲುತ್ತಾನೆ. ಆಮೇಲೆ ಚಿನ್ನ ತುಂಬಿದ ಮೂರು ಗಡಿಗೆ ಸಿಗುತ್ತವೆ, ಹುಡುಗ ಸುಖವಾಗಿ ಇರುತ್ತಾನೆ. ಒಂದು ದಿನ ಹಿಂದೆ ತಿರುಗಿದಾಗ ತನ್ನದೇ ನೆರಳು ಕಂಡು, ಹೆದರಿ, ಸತ್ತುಹೋಗುತ್ತಾನೆ. ಅಷ್ಟೇ. ಎಲ್ಲ ಸೇರಿ ಒಂದೆರಡು ಪುಟ.

ಇದರಲ್ಲಿ ಕಾಲ್ವಿನೋರ ಗುಣ ಪೂರ್ತಿ ಇದೆ. ವೇಗ, ಲಘು, ನಗು, ಕೊನೆಯಲ್ಲಿ ಸಣ್ಣದೊಂದು ಛಳಕು. ಈ ಎಸೀಲಾ ಎಸಿ ಆಟವನ್ನು ಕನ್ನಡದಲ್ಲಿ ಹೇಳಿ ನೋಡಿ, ಎರಡನೇ ಸಲಕ್ಕೇ ಮಗು ಜೊವಾನ್ನಿನ್ ಪಾತ್ರ ತಾನೇ ವಹಿಸಿಕೊಳ್ಳುತ್ತದೆ. ಹೆಚ್ಚಿನ ಕಥೆಗಳು ಐದು ಹತ್ತು ನಿಮಿಷದಲ್ಲಿ ಮುಗಿಯುತ್ತವೆ. ಆಫೀಸಿನಿಂದ ಸುಸ್ತಾಗಿ ಬಂದ ದಿನವೂ ಒಂದು ಕಥೆ ಹೇಳಬಹುದು. ದಿನಕ್ಕೊಂದರಂತೆ ಓದಿದರೆ ನವೆಂಬರ್‌ನಲ್ಲಿ ಶುರು ಮಾಡಿದ್ದು ಮಾವಿನ ಕಾಲ ಬಂದರೂ ಮುಗಿಯುವುದಿಲ್ಲ.

ಕೊರತೆಯೂ ಇದೆ. ಇಟಲಿಯ ಕಥೆಗಳಲ್ಲಿ ಬಿಸಿಲು ಜಾಸ್ತಿ. ಅಂಜೂರ, ಸಮುದ್ರ, ಮಾರುಕಟ್ಟೆ, ಅಡುಗೆಮನೆ. ಹಿಮ, ಕಾಡು, ತೋಳ ಬೇಕು, ಓದುವಾಗ ಹೊದಿಕೆ ಇನ್ನೂ ಸ್ವಲ್ಪ ಎಳೆದುಕೊಳ್ಳಬೇಕು ಅನ್ನಿಸಬೇಕು ಅನ್ನುವವರಿಗೆ ಕಾಲ್ವಿನೋ ಸಾಲುವುದಿಲ್ಲ. ಇನ್ನೊಂದು ಮಾತು, 200 ಕಥೆ ಇರುವಾಗ ಒಂದೇ ಬಗೆಯವು ಮತ್ತೆ ಮತ್ತೆ ಬರುತ್ತವೆ. ಒಂದೇ ಸಮ ಓದಿದರೆ ಬೇಜಾರು ಬಂದೇ ಬರುತ್ತದೆ. ಆದರೂ ಒಂದೇ ಪುಸ್ತಕ ಕೊಳ್ಳಬೇಕು, ಮನೆಯಲ್ಲಿ ಚಿಕ್ಕವರೂ ದೊಡ್ಡವರೂ ಇದ್ದಾರೆ ಅನ್ನುವವರಿಗೆ ನನ್ನ ಓಟು ಕಾಲ್ವಿನೋಗೇ.

ಹಿಮವೇ ಬೇಕು ಅನ್ನುವವರಿಗೆ

ಮಲತಾಯಿ ಹುಡುಗಿಯನ್ನು ನಡುಚಳಿಗಾಲದಲ್ಲಿ ಮನೆಯಿಂದ ಆಚೆ ಅಟ್ಟುವ ಕಥೆ ಯುರೋಪಿನ ತುಂಬ ಇದೆ. ಗ್ರಿಮ್‌ನಲ್ಲಿ ಅವಳಿಗೆ ಕಾಗದದ ಅಂಗಿ ಹಾಕಿ ಸ್ಟ್ರಾಬೆರಿ ತಾ ಅಂತ ಕಳಿಸುತ್ತಾಳೆ. ಕಾಡಿನಲ್ಲಿ ಮೂವರು ಕುಳ್ಳರು ಸಿಗುತ್ತಾರೆ, ಅವಳು ತನ್ನ ಒಣ ರೊಟ್ಟಿಯನ್ನು ಅವರಿಗೂ ಹಂಚುತ್ತಾಳೆ, ಅವರ ಮನೆಯ ಹಿತ್ತಿಲಿನ ಹಿಮ ಗುಡಿಸಿದರೆ ಅಡಿಯಲ್ಲಿ ಹಣ್ಣು. ಚೆಕ್ ಮತ್ತು ಸ್ಲೊವಾಕ್ ನಾಡಿನಲ್ಲಿ ಅದೇ ಹುಡುಗಿಗೆ ಬೆಟ್ಟದ ಮೇಲೆ ಬೆಂಕಿಯ ಸುತ್ತ ಕೂತ ಹನ್ನೆರಡು ಜನ ಸಿಗುತ್ತಾರೆ. ಅವರೇ ಹನ್ನೆರಡು ತಿಂಗಳುಗಳು. ಜನವರಿ ತನ್ನ ಜಾಗವನ್ನು ಒಂದು ಗಳಿಗೆ ಬೇರೆ ತಿಂಗಳಿಗೆ ಬಿಟ್ಟುಕೊಟ್ಟರೆ ಹಿಮದ ನಡುವೆ ಹೂ ಅರಳುತ್ತದೆ. ರಷ್ಯಾದಲ್ಲಿ ಹಣ್ಣೂ ಇಲ್ಲ ಹೂವೂ ಇಲ್ಲ. ಹುಡುಗಿಯನ್ನು ಕಾಡಿನಲ್ಲಿ ಮರದ ಕೆಳಗೆ ಬಿಟ್ಟು ಬರುತ್ತಾರೆ. ಚಳಿಯೇ ಮುದುಕನ ರೂಪದಲ್ಲಿ ಕೊಂಬೆಯಿಂದ ಕೊಂಬೆಗೆ ಹಾರುತ್ತಾ ಬಂದು ಬೆಚ್ಚಗಿದ್ದೀಯಾ ಮಗಳೇ ಅಂತ ಕೇಳುತ್ತದೆ. ಹಲ್ಲು ಕಟಕಟ ಅನ್ನುತ್ತಿದ್ದರೂ ಬೆಚ್ಚಗಿದ್ದೀನಿ ತಾತ ಅಂತಾಳೆ.

ಮೂರರಲ್ಲಿ ನನಗೆ ರಷ್ಯಾದ್ದೇ ಹೆಚ್ಚು. ಜರ್ಮನಿಯ ಹುಡುಗಿಗೆ ಒಳ್ಳೆತನಕ್ಕೆ ಫಲ ಸಿಗುತ್ತದೆ. ರಷ್ಯಾದ ಹುಡುಗಿ ಸಾವಿನ ಎದುರು ಮರ್ಯಾದೆ ಬಿಡದೆ ನಿಲ್ಲುತ್ತಾಳೆ. ಅದು ಬೇರೆಯೇ ತೂಕದ ಕಥೆ.

ರಷ್ಯಾದ ಕಥೆಗಳಿಗೂ ಎರಡು ದಾರಿ. ಅಲೆಕ್ಸಾಂಡರ್ ಅಫನಾಸ್ಯೆವ್ 1855ರಿಂದ 1863ರ ತನಕ ಸುಮಾರು 600 ಕಥೆಗಳನ್ನು ಅಚ್ಚು ಹಾಕಿಸಿದರು. ನಾರ್ಬರ್ಟ್ ಗುಟರ್‌ಮನ್ ಅವುಗಳಲ್ಲಿ ಆಯ್ದ ದೊಡ್ಡ ಭಾಗವನ್ನು 1945ರಲ್ಲಿ ಇಂಗ್ಲಿಷಿಗೆ ತಂದರು. ಮಾಟಗಾತಿ ಬಾಬಾ ಯಾಗಾಳ ಕೋಳಿಕಾಲಿನ ಗುಡಿಸಲು, ಬೇಲಿಯ ಮೇಲಿನ ತಲೆಬುರುಡೆಗಳು, ವಸಿಲಿಸಾ ಅನ್ನುವ ಹುಡುಗಿಯ ಜೇಬಿನಲ್ಲಿರುವ ಪುಟ್ಟ ಗೊಂಬೆ, ಎಲ್ಲವೂ ಮಸಾಲೆ ಬೆರೆಸದೆ ಸಿಗುತ್ತವೆ. ಮಕ್ಕಳಿದ್ದರೆ ಮಾತ್ರ ಆರ್ಥರ್ ರಾನ್ಸಮ್ 1916ರಲ್ಲಿ ಮತ್ತೆ ಹೇಳಿದ ಪುಸ್ತಕ ಹುಡುಕಿ. ಅದರಲ್ಲಿ ಕಾಡಿನ ನಡುವಿನ ಮರದ ಮನೆಯಲ್ಲಿ ಪೀಟರ್ ತಾತ, ಮೊಮ್ಮಕ್ಕಳಾದ ವಾನ್ಯಾ ಮತ್ತು ಮರೂಸ್ಯಾಗೆ ಕಥೆ ಹೇಳುತ್ತಾನೆ. ಹೊರಗೆ ಹಿಮ. ಮಕ್ಕಳು ಮಧ್ಯೆ ಬಾಯಿ ಹಾಕಿ ಪ್ರಶ್ನೆ ಕೇಳುತ್ತಾರೆ, ತಾತ ಉತ್ತರ ಕೊಡುತ್ತಾನೆ. ಕಥೆ ಹೇಳುವ ತಾತನನ್ನೂ ಪುಸ್ತಕದೊಳಗೇ ಕೂರಿಸಿದ್ದರಿಂದ ಓದುವವರಿಗೆ ಅರ್ಧ ಕೆಲಸ ಕಡಿಮೆ. ಐದಾರು ವರ್ಷದ ಮಕ್ಕಳಿಗೆ ಈ ಪಟ್ಟಿಯಲ್ಲಿ ಇದಕ್ಕಿಂತ ಹೊಂದುವ ಪುಸ್ತಕ ಇಲ್ಲ.

ಆಂಡರ್ಸನ್ ಇಲ್ಲಿ ಪೂರ್ತಿ ಸೇರುವುದಿಲ್ಲ, ಅವರ ಕಥೆಗಳಲ್ಲಿ ಹೆಚ್ಚಿನವು ಸ್ವಂತದವು. ಆದರೆ ಏಳು ಭಾಗದ ಹಿಮರಾಣಿ ಇಲ್ಲದೆ ಚಳಿಗಾಲದ ಓದು ಹೇಗೆ ಪೂರ್ತಿಯಾಗುತ್ತದೆ? ರಾತ್ರಿಗೊಂದು ಭಾಗದಂತೆ ಒಂದು ವಾರಕ್ಕೆ ಸರಿಹೋಗುತ್ತದೆ. ಬೆಂಕಿಕಡ್ಡಿ ಮಾರುವ ಹುಡುಗಿಯ ಕಥೆಯನ್ನು ಮಾತ್ರ ಮಲಗುವ ಹೊತ್ತಿಗೆ ಓದಬೇಡಿ. ಮಕ್ಕಳಿಗಿಂತ ಹೇಳುವವರಿಗೇ ಗಂಟಲು ಕಟ್ಟುತ್ತದೆ.

ಕಾರ್ಟರ್: ಎಲ್ಲರೂ ಮಲಗಿದ ಮೇಲೆ

ಇಂಗ್ಲೆಂಡಿನ ಲೇಖಕಿ ಏಂಜೆಲಾ ಕಾರ್ಟರ್‌ರ 'ದ ಬ್ಲಡಿ ಚೇಂಬರ್' 1979ರ ಪುಸ್ತಕ. ಹತ್ತೇ ಕಥೆಗಳು. ಇದು ಮಕ್ಕಳಿಗಲ್ಲ, ಹದಿಹರೆಯದವರಿಗೂ ಯೋಚಿಸಿಯೇ ಕೊಡಬೇಕು. ಕಾರ್ಟರ್ ಹಳೆಯ ಕಥೆಯನ್ನು ಹೊಸ ಬಟ್ಟೆ ತೊಡಿಸಿ ಹೇಳುತ್ತಿಲ್ಲ. ಕಥೆಯೊಳಗೆ ಮೊದಲಿಂದಲೂ ಅಡಗಿದ್ದ ಆಸೆ, ಭಯ, ಕ್ರೌರ್ಯವನ್ನು ಹೊರಗೆ ತೆಗೆಯುತ್ತಿದ್ದಾರೆ.

ಹಿಮಬಿಳುಪಿನ ಹುಡುಗಿಯ ಕಥೆಯ ಆರಂಭ ನೆನಪಿಸಿಕೊಳ್ಳಿ. ರಾಣಿ ಕಿಟಕಿಯ ಬಳಿ ಹೊಲಿಯುತ್ತಾ ಕೂತಿದ್ದಾಳೆ. ಕಿಟಕಿಯ ಚೌಕಟ್ಟು ಕರಿಮರದ್ದು. ಸೂಜಿ ಚುಚ್ಚಿ ಮೂರು ಹನಿ ರಕ್ತ ಹಿಮದ ಮೇಲೆ ಬೀಳುತ್ತದೆ. ಬಿಳಿ, ಕೆಂಪು, ಕಪ್ಪು ಮೂರೂ ಸೇರಿದ ಮಗಳು ಬೇಕು ಅಂತ ಅವಳಿಗೆ ಆಸೆಯಾಗುತ್ತದೆ. ಕಾರ್ಟರ್ ಇದನ್ನು ಒಂದೆರಡು ಪುಟದಲ್ಲಿ ಮತ್ತೆ ಹೇಳುತ್ತಾರೆ. ಅದೇ ನಡುಚಳಿಗಾಲ, ಅದೇ ಮೂರು ಬಣ್ಣ. ಆದರೆ ಇಲ್ಲಿ ಕುದುರೆ ಮೇಲೆ ಹೋಗುತ್ತಾ ಆಸೆಪಡುವವನು ಗಂಡ, ಪಕ್ಕದಲ್ಲಿ ಹೆಂಡತಿ ಇದ್ದಾಳೆ. ಆಸೆಪಟ್ಟ ತಕ್ಷಣ ಹುಡುಗಿ ಹಿಮದ ಮೇಲೆ ನಿಂತಿರುತ್ತಾಳೆ. ಹೆಂಡತಿಯ ಮೈಮೇಲಿನ ತುಪ್ಪಳದ ಕೋಟು, ಬೂಟು ಒಂದೊಂದಾಗಿ ಆ ಹುಡುಗಿಯ ಮೈಗೆ ಹೋಗುತ್ತವೆ. ಮುಂದೆ ನಡೆಯುವುದನ್ನು ಇಲ್ಲಿ ಬರೆಯಲಾರೆ, ಅಷ್ಟು ಘೋರ. ತಾಯಿಯ ಆಸೆಯನ್ನು ಗಂಡಸಿನ ಆಸೆಯಾಗಿ ಬದಲಿಸಿದ್ದು, ಅಷ್ಟರಿಂದಲೇ ಇಡೀ ಕಥೆ ತಲೆಕೆಳಗಾಯಿತು. ಹಳೇ ಕಥೆಯಲ್ಲಿ ಆ ಹುಡುಗಿಗೂ ಮಲತಾಯಿಗೂ ಯಾಕೆ ಒಬ್ಬಳಿಗೊಬ್ಬಳು ಎದುರಾಳಿ ಆಗಬೇಕಾಯಿತು ಅನ್ನುವ ಪ್ರಶ್ನೆ ಆಮೇಲೆ ಓದುವವರನ್ನು ಬಿಡುವುದಿಲ್ಲ.

ಹೀಗಾಗಿ ಕಾರ್ಟರ್ ಓದುವ ಮುಂಚೆ ಮೂಲ ಗೊತ್ತಿರಲೇಬೇಕು, ಬಾಯಿಪಾಠ ಆಗುವಷ್ಟು ಗೊತ್ತಿದ್ದರೆ ಇನ್ನೂ ಒಳ್ಳೆಯದು. ಜೋಡಿಯಾಗಿ ಓದಿ. ಒಂದು ರಾತ್ರಿ ಪೆರೋನ ನೀಲಿಗಡ್ಡ, ಮರುದಿನ ಕಾರ್ಟರ್‌ರ ಮೊದಲ ಕಥೆ. ಪೆರೋದಲ್ಲಿ ಹುಡುಗಿಯನ್ನು ಉಳಿಸೋಕೆ ಅಣ್ಣತಮ್ಮಂದಿರು ಓಡಿಬರುತ್ತಾರೆ. ಕಾರ್ಟರ್‌ನಲ್ಲಿ ಯಾರು ಬರುತ್ತಾರೆ ಅನ್ನುವುದನ್ನು ನಾನು ಹೇಳಿ ಕೆಡಿಸುವುದಿಲ್ಲ. ಇನ್ನೊಂದು ರಾತ್ರಿ ಕೆಂಪು ಟೋಪಿ ಹುಡುಗಿ. ಪೆರೋದಲ್ಲಿ ತೋಳ ಅವಳನ್ನು ತಿಂದುಬಿಡುತ್ತದೆ, ಕಥೆ ಮುಗಿಯಿತು. ಗ್ರಿಮ್‌ನಲ್ಲಿ ಬೇಟೆಗಾರ ಬಂದು ತೋಳದ ಹೊಟ್ಟೆ ಸೀಳಿ ಹೊರಗೆ ತೆಗೆಯುತ್ತಾನೆ. ಕಾರ್ಟರ್ ಒಂದೇ ಪುಸ್ತಕದಲ್ಲಿ ಮೂರು ತೋಳದ ಕಥೆ ಬರೆದಿದ್ದಾರೆ. ಮೊದಲನೆಯದರಲ್ಲಿ ಹುಡುಗಿ ತೋಳದ ಪಂಜ ಕತ್ತರಿಸಿ ಬಟ್ಟೆಯಲ್ಲಿ ಸುತ್ತಿಕೊಂಡು ಅಜ್ಜಿ ಮನೆಗೆ ಬರುತ್ತಾಳೆ. ಬಿಚ್ಚಿ ನೋಡಿದರೆ ಅದು ಮನುಷ್ಯರ ಕೈ, ಬೆರಳಲ್ಲಿ ಮದುವೆಯ ಉಂಗುರ. ಮೂರೇ ಪುಟದ ಆಸುಪಾಸಿನ ಕಥೆ, ಚಳಿ ಹೊರಗಿನದ್ದೋ ಒಳಗಿನದ್ದೋ ಗೊತ್ತಾಗುವುದಿಲ್ಲ.

ಭಾಷೆಯ ಬಗ್ಗೆಯೂ ಹೇಳಬೇಕು. ಪುಲ್ಮನ್‌ರ ವಾಕ್ಯ ಆರು ಪದದ್ದಾದರೆ ಕಾರ್ಟರ್‌ರದ್ದು ಅರವತ್ತು ಪದದ್ದು. ರೇಷ್ಮೆ, ಅತ್ತರು, ಮಾಣಿಕ್ಯ, ಕನ್ನಡಿ ಎಲ್ಲ ಒಂದರ ಮೇಲೊಂದು. ಓದುತ್ತಾ ಕನ್ನಡದಲ್ಲಿ ಹೇಳುವ ಆಟ ಇಲ್ಲಿ ನಡೆಯುವುದಿಲ್ಲ. ನಿಧಾನ ಓದಬೇಕು, ಒಂದು ರಾತ್ರಿಗೆ ಒಂದು ಕಥೆ ಜಾಸ್ತಿಯೇ ಆಯಿತು.

ಇದೇ ಜಾತಿಯ ಬೇರೆ ಪುಸ್ತಕಗಳೂ ಇವೆ. ಎಮ್ಮಾ ಡೊನಹ್ಯೂ 1997ರಲ್ಲಿ ಬರೆದ 13 ಕಥೆಗಳಲ್ಲಿ ಒಂದು ಕಥೆಯ ಹೆಂಗಸು ಮುಂದಿನ ಕಥೆ ಹೇಳುತ್ತಾಳೆ, ಹೀಗೆ ಸರಪಳಿ ಸಾಗುತ್ತದೆ. ಕಾರ್ಟರ್ ಭಾರವಾಯಿತು ಅನ್ನುವವರಿಗೆ ಅದು ಹಗುರ, ಮೃದು. ಕವಿತೆ ಇಷ್ಟಪಡುವವರಿಗೆ ಆನ್ ಸೆಕ್ಸ್‌ಟನ್ 1971ರಲ್ಲಿ ಗ್ರಿಮ್ ಕಥೆಗಳನ್ನೇ ಇಟ್ಟುಕೊಂಡು ಬರೆದ 17 ಪದ್ಯಗಳಿವೆ. ಕೆಲ್ಲಿ ಲಿಂಕ್‌ರ 2023ರ ಏಳು ಕಥೆಗಳಲ್ಲಿ ಹೆಚ್ಚಿನವು ಇವತ್ತಿನ ಲೋಕದಲ್ಲಿ ನಡೆಯುತ್ತವೆ. ಒಂದೊಂದೂ ಉದ್ದ, ರಜೆಯಲ್ಲಿ ಮಧ್ಯಾಹ್ನದ ಓದಿಗೆ ಸರಿ.

ರಾಮಾನುಜನ್: ಮಾತು ನಮ್ಮದೇ

ಎ. ಕೆ. ರಾಮಾನುಜನ್ ಮೈಸೂರಿನವರು. ಕನ್ನಡ ಸೀಮೆಯಲ್ಲಿ ವರ್ಷಗಟ್ಟಲೆ ಕೇಳಿ ಕೂಡಿಟ್ಟ 77 ಕಥೆಗಳು, ಅವರು 1993ರಲ್ಲಿ ತೀರಿಕೊಂಡ ಮೇಲೆ, 1997ರಲ್ಲಿ ಇಂಗ್ಲಿಷಿನಲ್ಲಿ ಹೊರಬಂದವು. ಹೂಮರವಾಗುವ ಹುಡುಗಿಯ ಕಥೆಯೇ ಪುಸ್ತಕದ ಹೆಸರು. ಗಿರೀಶ್ ಕಾರ್ನಾಡರ 1992ರ 'ಚೆಲುವಿ' ಸಿನಿಮಾ ನೋಡಿದವರಿಗೆ ಕಥೆ ಗೊತ್ತಿರುತ್ತದೆ. ಜಾನ್ ಆಡಮ್ಸ್ ಅನ್ನುವ ಅಮೆರಿಕದ ಸಂಗೀತಗಾರರು 2006ರಲ್ಲಿ ಇದನ್ನೇ ಆಪೆರಾ ಮಾಡಿ ವಿಯೆನ್ನಾದಲ್ಲಿ ಆಡಿಸಿದರು.

ಇವುಗಳಲ್ಲಿ ಹಿಮ ಇಲ್ಲ. ಆದರೂ ಈ ಹೋಲಿಕೆಯಲ್ಲಿ ಇವನ್ನು ಸೇರಿಸದೆ ಇರಲಾರೆ. ಯುರೋಪಿನ ಸಂಗ್ರಹ ಓದಿದ ಮೇಲೆ ಇದನ್ನು ತೆಗೆದರೆ ಎರಡರ ಗುಣವೂ ಸ್ಪಷ್ಟವಾಗುತ್ತದೆ. ಸಿಂಡ್ರೆಲಾ ಕಥೆಯ ಬಳಗಕ್ಕೆ ಸೇರಿದ ನಮ್ಮ ಕಥೆ 'ಹಂಚಿ'ಯನ್ನೇ ನೋಡಿ. ರಾಮಾನುಜನ್ ಇದರ ಬಗ್ಗೆ ಬೇರೆಯಾಗಿಯೂ ಬರೆದಿದ್ದಾರೆ. ಇಲ್ಲಿ ಗಾಜಿನ ಚಪ್ಪಲಿ ಇಲ್ಲ, ರಾಜನ ಅರಮನೆಯ ಕುಣಿತ ಇಲ್ಲ. ಚಿನ್ನದ ಕೂದಲಿನ ಹುಡುಗಿ ಮಣ್ಣಿನ ಮುಖವಾಡ ಹಾಕಿಕೊಂಡು ಸಾಹುಕಾರರ ಮನೆಯಲ್ಲಿ ಅಡುಗೆಗೆ ಸೇರುತ್ತಾಳೆ. ಮದುವೆಯಾಗುವುದರ ಜತೆಗೆ ಕಥೆ ಮುಗಿಯುವುದೂ ಇಲ್ಲ. ಮದುವೆಯಾದ ಮೇಲೆಯೇ ಅವಳ ನಿಜವಾದ ಕಷ್ಟ ಶುರು. ಹೆಂಗಸರು ಹೇಳುವ ಕಥೆಗಳ ಗುಣವೇ ಇದು ಅಂತ ರಾಮಾನುಜನ್ ಗುರುತಿಸಿದ್ದರು. ಗಂಡಸರ ಕಥೆ ಮದುವೆಯಲ್ಲಿ ಮುಗಿದರೆ ಹೆಂಗಸರ ಕಥೆ ಅಲ್ಲಿಂದ ಮುಂದಕ್ಕೆ ಹೋಗುತ್ತದೆ.

ಇನ್ನೊಂದು ಕಥೆಯಲ್ಲಿ ಒಬ್ಬಾಕೆಗೆ ಒಂದು ಕಥೆ, ಒಂದು ಹಾಡು ಗೊತ್ತು. ಯಾರಿಗೂ ಹೇಳುವುದಿಲ್ಲ. ಒಳಗೇ ಉಸಿರುಗಟ್ಟಿ, ಅವಳು ಮಲಗಿದ್ದಾಗ ಎರಡೂ ಹೊರಬಿದ್ದು, ಕಥೆ ಚಪ್ಪಲಿ ಜೋಡಿಯಾಗಿ ಬಾಗಿಲಲ್ಲಿ ಕೂರುತ್ತದೆ, ಹಾಡು ಗಂಡಸಿನ ಕೋಟಾಗಿ ಗೂಟಕ್ಕೆ ನೇತಾಡುತ್ತದೆ. ಗಂಡ ಬಂದು ನೋಡಿ ಅನುಮಾನ ಪಡುತ್ತಾನೆ. ಆಮೇಲೆ ಊರ ದೀಪಗಳ ಜ್ವಾಲೆಗಳೆಲ್ಲ ರಾತ್ರಿ ಹನುಮಂತನ ಗುಡಿಯಲ್ಲಿ ಸೇರಿ ಮಾತಾಡುವ ಭಾಗ ಇದೆಯಲ್ಲ, ಕಾರ್ನಾಡರು 'ನಾಗಮಂಡಲ'ಕ್ಕೆ ಬಳಸಿಕೊಂಡದ್ದು ಅದನ್ನೇ. ಇಂಗ್ಲಿಷಿನಲ್ಲಿ ಓದುತ್ತಿದ್ದರೂ ಕನ್ನಡದ ಮಾತು ಅಡಿಯಲ್ಲಿ ಕೇಳಿಸುತ್ತಲೇ ಇರುತ್ತದೆ. ಹೊರದೇಶದಲ್ಲಿ ಮಕ್ಕಳನ್ನು ಬೆಳೆಸುವವರಿಗೆ ಇದು ಎಲ್ಲಕ್ಕಿಂತ ಸುಲಭದ ಪುಸ್ತಕ, ಯಾಕೆಂದರೆ ಹೇಳುವಾಗ ಭಾಷೆ ಬದಲಿಸುತ್ತಿದ್ದೇವೆ ಅಂತಲೇ ಅನ್ನಿಸುವುದಿಲ್ಲ. ಬಹಳ ಸಣ್ಣ ಮಕ್ಕಳಿಗೆ ಕೆಲವು ಕಥೆ ಹೊಂದುವುದಿಲ್ಲ, ಹಂಚಿಯ ಕಥೆಯಲ್ಲೂ ದೊಡ್ಡವರ ವಿಷಯ ಇದೆ. ಇಡೀ ಭಾರತದ ಕಥೆಗಳು ಬೇಕು ಅನ್ನುವವರು ಅವರದೇ 1991ರ ಇನ್ನೊಂದು ಸಂಗ್ರಹ ನೋಡಬಹುದು. ಅದರಲ್ಲಿ ಇಪ್ಪತ್ತಕ್ಕೂ ಹೆಚ್ಚು ಭಾಷೆಗಳ ಕಥೆಗಳಿವೆ.

ದುಡ್ಡು ಖರ್ಚು ಮಾಡುವ ಮುಂಚೆ

ಕೊಳ್ಳುವ ಮುಂಚೆ ಪುಕ್ಕಟೆ ಸಿಗುವವನ್ನು ನೋಡಿ. ಹಳೆಯ ಪುಸ್ತಕಗಳನ್ನು ಪುಕ್ಕಟೆ ಕೊಡುವ ಜಾಲತಾಣ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಹಂಟ್ ಅನುವಾದದ ಗ್ರಿಮ್, ರಾನ್ಸಮ್‌ರ ರಷ್ಯಾ ಕಥೆಗಳು, ಆಂಡ್ರ್ಯೂ ಲ್ಯಾಂಗ್‌ರ ಬಣ್ಣಬಣ್ಣದ ಹೆಸರಿನ 12 ಪುಸ್ತಕಗಳು ಎಲ್ಲ ಇವೆ. ಲ್ಯಾಂಗ್ ಸರಣಿ 1889ರಲ್ಲಿ ನೀಲಿಯಿಂದ ಶುರುವಾಗಿ 1910ರಲ್ಲಿ ನೇರಳೆ ಛಾಯೆಯ ಲೈಲಾಕ್‌ವರೆಗೆ ನಡೆಯಿತು. ಹೆಸರು ಲ್ಯಾಂಗ್‌ರದ್ದಾದರೂ ಅನುವಾದ ಮತ್ತು ಮರುಬರಹದ ಬಹುಪಾಲು ಕೆಲಸ ಅವರ ಹೆಂಡತಿ ಲಿಯೊನೊರಾ ಮತ್ತು ಇತರ ಹೆಂಗಸರದ್ದು. ಎಲ್ಲ ದೇಶದ ಕಥೆಯೂ ಒಂದೇ ದನಿಯಲ್ಲಿ, ಇಂಗ್ಲೆಂಡಿನ ಮಕ್ಕಳ ಕೋಣೆಗೆ ಒಪ್ಪುವಂತೆ ನಯ ಮಾಡಿ ಹೇಳಿದ್ದಾರೆ. ಹಾಗಾಗಿ ಸಣ್ಣ ಮಕ್ಕಳಿಗೆ ಇವು ಪುಲ್ಮನ್‌ಗಿಂತ ಕ್ಷೇಮ, ರುಚಿ ಮಾತ್ರ ಒಂದು ಕೈ ಕಡಿಮೆ. ಹನ್ನೆರಡನ್ನೂ ಇಳಿಸಿಕೊಂಡು ಕೂರಬೇಡಿ. ನೀಲಿ ಮತ್ತು ಕೆಂಪು ಸಾಕು, ಹೆಸರುವಾಸಿ ಕಥೆಗಳಲ್ಲಿ ಬಹಳಷ್ಟು ಅವೆರಡರಲ್ಲೇ ಸಿಕ್ಕಿಬಿಡುತ್ತವೆ. ಎಚ್. ಜೆ. ಫೋರ್ಡ್ ಬರೆದ ಚಿತ್ರಗಳಿರುವ ಪ್ರತಿಯನ್ನೇ ಆರಿಸಿಕೊಳ್ಳಿ. ಚಿತ್ರವಿಲ್ಲದ ಬರೀ ಅಕ್ಷರದ ಪ್ರತಿಯೂ ಅಲ್ಲೇ ಇರುತ್ತದೆ, ಇಳಿಸಿಕೊಳ್ಳುವಾಗ ಗಮನಿಸಿ.